ಸೊಂಡಿಲಿರುವ ಎತ್ತು

ನನ್ನ ತಂಗಿ ಕಸ್ತೂರಿಯ ಮನೆಯ ಶೋಕೇಸಿನಲ್ಲಿ ಒಂದು ಮಣ್ಣಿನ ಎತ್ತಿದೆ. ಅದಕ್ಕೆ ಸೊಂಡಿಲಿದೆ. ಮೈತುಂಬ ಕೆಂಪು, ಹಳದಿ, ಗಿಳಿಹಸಿರು ನೂಲಿನ ಕೂದಲಿದೆ. ಕೋಡುಗಳು ಕೋಡಿನ ಜಾಗದಲ್ಲೇ ಇದ್ದರೂ ಅವನ್ನು ದಂತ ಎಂದು ತಿಳಿದುಕೊಳ್ಳಬೇಕು. ಕಣ್ಣಿಗೆ ಗುಲಗಂಜಿ. ಒಂದು ಗುಲಗಂಜಿ ಎಂದೋ ಬಿದ್ದುಹೋಗಿ, ಈಗ ಅದು ಬಂದವರಿಗೆಲ್ಲ ಕಣ್ಣು ಹೊಡೆಯುತ್ತಿರುವಂತೆ ಕಾಣುತ್ತದೆ. ಬೆಟಗೇರಿಯ ಆ ಓಣಿಯಲ್ಲಿ ಯಾರ ಮನೆಗೆ ಹೋದರೂ ಶೋಕೇಸಿನಲ್ಲಿ ತಾಜಮಹಲು, ಪ್ಲಾಸ್ಟಿಕ್ ಗುಲಾಬಿ, ಮಕ್ಕಳು ಗೆದ್ದ ಪಾರಿತೋಷಕಗಳು ಇರುತ್ತವೆ. ಇಂಥ ಪ್ರಾಣಿ ಮಾತ್ರ ಇನ್ನೆಲ್ಲೂ ಇಲ್ಲ. ಕಳೆದ ತಿಂಗಳು ಈ ಪ್ರಾಣಿಯ ದೆಸೆಯಿಂದ ನಾನು ನನ್ನ ಸೋದರಸೊಸೆಗೆ ಬಂದ ಸಂಬಂಧವನ್ನೇ ಮುರಿಯುವುದರಲ್ಲಿದ್ದೆ. ತಪ್ಪು ನನ್ನದಲ್ಲ. ಒಂದು ಸಿನೆಮಾವನ್ನು ಸುಮ್ಮನೆ ಕೂತು ನೋಡಲು ಬಾರದ ಈ ಕಾಲದ್ದು.

ಸಿನೆಮಾದ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಈ ಬರಹವನ್ನು ಇಲ್ಲಿಗೇ ಬಿಟ್ಟು ಫೋನು ಕೈಗೆತ್ತಿಕೊಳ್ಳುತ್ತೀರಿ, ಯಾರೋ ಪುಣ್ಯಾತ್ಮರು ಅದಕ್ಕೆ ಕೊಟ್ಟ ಒಂದೂವರೆ ನಕ್ಷತ್ರ ನೋಡುತ್ತೀರಿ, ಆಮೇಲೆ ನನ್ನನ್ನೂ ಅದೇ ಕಣ್ಣಿನಿಂದ ನೋಡುತ್ತೀರಿ. ಕಥೆ ಮಾತ್ರ ಹೇಳುತ್ತೇನೆ. ಇತಿಹಾಸ ಹುಟ್ಟುವುದಕ್ಕೂ ಮುಂಚಿನ ಕಾಲ. ಹಿಮದ ಸೀಮೆಯಲ್ಲೊಂದು ಕುಲ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಅವರ ಹೊಳೆಯಲ್ಲಿ ನೀರಿಲ್ಲ. ಹೊಳೆ ಎಲ್ಲಿಗೆ ಹೋಯಿತೆಂದು ಹುಡುಕಲು ಒಬ್ಬ ತರುಣ ಹೊರಡುತ್ತಾನೆ. ಅವನ ಹಿಂದೆ, ಮೈತುಂಬ ಉಣ್ಣೆಯಿರುವ ಒಂದು ಭಾರಿ ಆನೆ ಹೊರಡುತ್ತದೆ. ಹಿಮ ದಾಟಿ, ಕಾಡು ದಾಟಿ, ಕೊನೆಗೆ ಮರಳುಗಾಡು. ಅಲ್ಲೊಬ್ಬ ದುಷ್ಟ ರಾಜ ಕಲ್ಲಿನ ಗೋಡೆ ಕಟ್ಟಿ ಲೋಕದ ಹೊಳೆಗಳನ್ನೆಲ್ಲ ಹಿಡಿದಿಟ್ಟುಕೊಂಡಿದ್ದಾನೆ. ಮುಂದಿನದನ್ನು ನೀವೇ ಊಹಿಸಬಹುದು. ನಮ್ಮ ಕಡೆಯವರಿಗೆ ನೀರಿನ ಜಗಳವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಸಿನೆಮಾ ಬಂದಾಗ ಪೇಪರಿನವರು ಉಗಿದರು. ಈಗ ಫೋನಿನವರು ಉಗಿಯುತ್ತಿದ್ದಾರೆ. ಉಣ್ಣೆಯ ಆನೆ ಮರಳುಗಾಡಿನಲ್ಲಿ ಇರಲಿಲ್ಲವಂತೆ. ಮನುಷ್ಯ ಇದ್ದ ಕಾಲಕ್ಕೆ, ಕಾಡಿನ ದೃಶ್ಯದಲ್ಲಿ ಬರುವ ಆ ರಾಕ್ಷಸಹಲ್ಲಿ, ಅಂದರೆ ಡೈನೋಸಾರು, ಇರಲಿಲ್ಲವಂತೆ. ಹೊಲದಲ್ಲಿ ತೋರಿಸಿದ ಗೋವಿನಜೋಳ ಸಮುದ್ರದ ಆಚೆಯದಂತೆ. ನಾಯಕನ ಗಡ್ಡ ಬೋಳಿಸಿದವರು ಯಾರು ಎಂದು ಒಬ್ಬ ಕೇಳಿದ್ದಾನೆ, ನಾಯಕಿಯ ಹುಬ್ಬು ತಿದ್ದಿದವರು ಯಾರು ಎಂದು ಇನ್ನೊಬ್ಬಳು ಕೇಳಿದ್ದಾಳೆ. ಸ್ವಾಮೀ, ಅವರೆಲ್ಲ ಹಿಂದಿಯಲ್ಲಿ ಮಾತಾಡುತ್ತಿದ್ದರು. ನಮ್ಮ ಗದಗಿಗೆ ಬಂದದ್ದು ಹಿಂದಿ ಧ್ವನಿ ಕೊಟ್ಟ ಪ್ರತಿ. ಹಿಮಯುಗದ ಮುದುಕನೊಬ್ಬ ಮಗನನ್ನು 'ಬೇಟಾ' ಎಂದು ಕರೆದಾಗ ತುಟಿ ಪಿಟಕ್ಕೆನ್ನದವರಿಗೆ ಆನೆಯ ಉಣ್ಣೆ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತೇ? ಇವರ ಮಾತು ಕೇಳಿದರೆ ಎಲ್ಲರೂ ಆ ಕಾಲದಲ್ಲಿ ಒಂದು ವಾರ ಇದ್ದು, ನಿನ್ನೆಯಷ್ಟೇ ಬಸ್ಸಿಳಿದು ಬಂದವರಂತೆ ಕಾಣುತ್ತಾರೆ.

ತಪ್ಪು ಹುಡುಕುವುದು ನನಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಗದಗಿನ ಒಂದು ಛಾಪಖಾನೆಯಲ್ಲಿ ಕರಡು ತಿದ್ದುವುದೇ ನನ್ನ ಕೆಲಸ. ಲಗ್ನಪತ್ರಿಕೆ, ಪಂಚಾಂಗ, ಶಾಲೆಯ ಪ್ರಶ್ನೆಪತ್ರಿಕೆ, ಮಠಗಳ ಕರಪತ್ರ ಎಲ್ಲವೂ ನನ್ನ ಮೂಗಿನಡಿಯಿಂದಲೇ ಹಾಯಬೇಕು. ಹೀಗಾಗಿ ಸಂಜೆ ಕನ್ನಡಕ ತೆಗೆದಿಟ್ಟ ಮೇಲೆ ನನಗೆ ತಪ್ಪು ಕಾಣಬಾರದು. ಕಂಡರೂ ನಾನು ನೋಡುವುದಿಲ್ಲ. ದಿನವಿಡೀ ಜೋಳ ಬೀಸಿದವಳು ರಾತ್ರಿ ಆಟಕ್ಕೆಂದು ಮತ್ತೆ ಬೀಸುಕಲ್ಲಿನ ಮುಂದೆ ಕೂಡುತ್ತಾಳೆಯೇ? ಬೇರೆಯವರು ಹಗಲೆಲ್ಲ ತಪ್ಪು ಮಾಡಿ, ರಾತ್ರಿ ಇನ್ನೊಬ್ಬರ ಸಿನೆಮಾದಲ್ಲಿ ತಪ್ಪು ಹುಡುಕುತ್ತಾರೆ. ಅದು ಅವರ ಹವ್ಯಾಸ. ನನ್ನ ತಲೆ ತಿನ್ನಬಾರದು ಅಷ್ಟೇ.

ಈ ಚಟ ಮೊದಲು ಕಂಡದ್ದು ನಮ್ಮ ಮನೆಯಲ್ಲೇ. ನಮ್ಮಪ್ಪ ಕೈಮಗ್ಗದ ನೇಕಾರ. ಬಟ್ಟೆ ಕಂಡರೆ ಸಾಕು, ತಿರುವಿ ಹಾಕಿ ಹಿಂಭಾಗ ನೋಡುತ್ತಿದ್ದ. ನೇಕಾರರ ಮನೆಯಲ್ಲಿ ಹುಟ್ಟಿದವರೆಲ್ಲ ಹಾಗೆಯೇ. ಬಟ್ಟೆಯ ಮುಂಭಾಗ ಕೊಳ್ಳುವವರಿಗೆ, ಹಿಂಭಾಗ ನಮಗೆ. ಕೈಮಗ್ಗದಲ್ಲಿ ನೇಯುವಾಗ ಬಟ್ಟೆಯ ಅಗಲ ಕುಗ್ಗದಿರಲೆಂದು ಎರಡೂ ಅಂಚಿಗೆ ಮೊಳೆಯಿರುವ ಕೋಲು ಸಿಕ್ಕಿಸುತ್ತಾರೆ. ಅಂಚಿನಲ್ಲಿ ಸೂಜಿ ಚುಚ್ಚಿದಂಥ ಗುರುತುಗಳು ಉಳಿಯುತ್ತವೆ. ಆ ಗುರುತಿಲ್ಲದ ಬಟ್ಟೆ ಅಪ್ಪನ ಲೆಕ್ಕದಲ್ಲಿ ಬಟ್ಟೆಯೇ ಅಲ್ಲ. ಒಮ್ಮೆ ಅವನನ್ನು ಪೌರಾಣಿಕ ಸಿನೆಮಾಕ್ಕೆ ಕರೆದೊಯ್ದಿದ್ದೆವು. ದೇವಲೋಕದ ಸಭೆ ನಡೆದಿದೆ, ಅಪ್ಸರೆಯರು ಕುಣಿಯುತ್ತಿದ್ದಾರೆ, ಅಪ್ಪ ಮಾತ್ರ ಇಂದ್ರನ ಧೋತರದ ದಡಿ ಮಿಲ್ಲಿನದೆಂದು ಪಕ್ಕದವನಿಗೆ ತಿಳಿಸಿ ಹೇಳುತ್ತಿದ್ದ. ಪಕ್ಕದವನು ಎದ್ದು ಬೇರೆ ಸಾಲಿಗೆ ಹೋದ. ನಾನು ಈಗ ಬಯ್ಯುವ ಜಾತಿಯವನೇ ನಮ್ಮಪ್ಪ ಎಂಬುದು ನನಗೂ ಗೊತ್ತಿದೆ. ಆದರೆ ಅವನು ಇದ್ದಿದ್ದರೆ ಈ ಉಣ್ಣೆಯಾನೆ ಸಿನೆಮಾವನ್ನು ಒಪ್ಪಿಕೊಳ್ಳುತ್ತಿದ್ದ. ಇದರಲ್ಲಿ ಯಾರೂ ಬಟ್ಟೆಯನ್ನೇ ಉಟ್ಟಿಲ್ಲ, ಎಲ್ಲರದೂ ತೊಗಲು.

ಇರಲಿ. ಎತ್ತಿಗೆ ಸೊಂಡಿಲು ಬಂದದ್ದು ಹೇಗೆಂದು ಹೇಳಬೇಕು.

ಕಸ್ತೂರಿಯ ಗಂಡ ಮಹಾದೇವ ಶೇಂಗಾ ವ್ಯಾಪಾರ ಮಾಡುತ್ತಿದ್ದ. ಹೊಂಬಳದ ಕಡೆ ಮಾಲು ನೋಡಲು ಹೋಗುವಾಗ ಮಗಳು ಪವಿತ್ರಾಳನ್ನು ಬೈಕಿನ ಮುಂದೆ ಕೂರಿಸಿಕೊಂಡು ಹೋಗುತ್ತಿದ್ದ. ಅವಳಾಗ ಶಾಲೆಯಲ್ಲಿ ಒಂದನೆಯ ಇಯತ್ತೆ. ಮಣ್ಣೆತ್ತಿನ ಅಮವಾಸ್ಯೆ ಬಂದರೆ ಕುಂಬಾರರ ಮನೆಯಿಂದ ಎತ್ತು ತರುವುದು ಅವನಿಗೆ ಸೇರದು. ತಾನೇ ಮಣ್ಣು ಕಲಸಿ, ಜೋಡಿ ಎತ್ತು ಮಾಡಿ, ಗುಲಗಂಜಿಯ ಕಣ್ಣಿಟ್ಟು ಮಗಳ ಕೈಗೆ ಕೊಡುತ್ತಿದ್ದ. ಆ ವರ್ಷ ಹಾಗೆ ಮಾಡಿದ ಎತ್ತುಗಳು ಪೂಜೆ ಮುಗಿದು ಇನ್ನೂ ಗೂಡಿನಲ್ಲೇ ಇದ್ದವು, ನೀರಿಗೆ ಬಿಟ್ಟಿರಲಿಲ್ಲ. ಅಷ್ಟರಲ್ಲಿ ಒಂದು ಮಧ್ಯಾಹ್ನ ಮಹಾದೇವ ಊಟಕ್ಕೆ ಕೂತವನು ಎದೆ ಹಿಡಿದುಕೊಂಡ, ಮತ್ತೆ ಏಳಲಿಲ್ಲ. ಎತ್ತುಗಳನ್ನು ನೀರಿಗೆ ಬಿಡಬೇಕೆಂದು ಆಮೇಲೆ ಯಾರಿಗೂ ನೆನಪಾಗಲಿಲ್ಲ.

ಪವಿತ್ರಾ ಅಳಲಿಲ್ಲ. ಮಾತೂ ಆಡಲಿಲ್ಲ. ಊಟ ಮಾಡೆಂದರೆ ಮಾಡುತ್ತಿದ್ದಳು, ಮಲಗೆಂದರೆ ಮಲಗುತ್ತಿದ್ದಳು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಮಾತಾಡಿಸಲು ಬಂದವರು ಮುಂಡರಗಿಯಿಂದ ಬಂದರು, ಶಿರಹಟ್ಟಿಯಿಂದ ಬಂದರು. ಬಂದ ಹೆಂಗಸರೆಲ್ಲ ಮಗುವನ್ನು ತೆಕ್ಕೆಗೆ ಎಳೆದುಕೊಂಡು, ನಿಮ್ಮಪ್ಪ ಇನ್ನು ಬರುವುದಿಲ್ಲ ಎಂದು ಹೇಳಿ ಅಳುತ್ತಿದ್ದರು. ನಮ್ಮ ಬೀಗರಲ್ಲೊಬ್ಬ ಮಾಸ್ತರರು, ಮಕ್ಕಳಿಗೆ ಇದ್ದದ್ದನ್ನು ಇದ್ದ ಹಾಗೆ ತಿಳಿಸಿಬಿಡಬೇಕು ಎಂದು ಅಪ್ಪಣೆ ಕೊಡಿಸಿದರು. ಆ ಮಗುವನ್ನು ಎದುರಿಗೆ ಕೂರಿಸಿಕೊಂಡು, ಹೃದಯ ನಿಲ್ಲುವುದೆಂದರೇನು ಎಂದು ಪಾಠವನ್ನೂ ಮಾಡಿದರು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಮರುದಿನವೇ ಅವಳನ್ನು ಸೈಕಲ್ಲಿನ ಹಿಂದೆ ಹತ್ತಿಸಿಕೊಂಡು ಸಿನೆಮಾಕ್ಕೆ ಹೋದೆ. ಸೂತಕದ ಮನೆಯಿಂದ ಮಗುವನ್ನು ಸಿನೆಮಾಕ್ಕೆ ಕರೆದೊಯ್ದ ಎಂದು ಓಣಿಯವರು ಬಹಳ ದಿನ ಆಡಿಕೊಂಡರು. ಆಡಿಕೊಳ್ಳಲಿ.

ಗದಗಿನಲ್ಲಿ ಆಗ ಎರಡು ಸಿನೆಮಾ ನಡೆದಿದ್ದವು. ಒಂದರ ಪೋಸ್ಟರಿನಲ್ಲೇ ನಾಲ್ಕು ಜನ ಅಳುತ್ತಿದ್ದರು. ಇನ್ನೊಂದರಲ್ಲಿ ಆನೆ ಇತ್ತು. ಆ ಟಾಕೀಸು ಈಗಿಲ್ಲ, ಅಲ್ಲಿ ಪ್ಲಾಸ್ಟಿಕ್ ಕುರ್ಚಿ ಮಾರುತ್ತಾರೆ. ಆಗ ಅಲ್ಲಿದ್ದ ಕುರ್ಚಿಗಳ ಸ್ಪ್ರಿಂಗುಗಳು ಹೊರಗೆ ಇಣುಕಿ ನೋಡುತ್ತಿದ್ದವು. ಫ್ಯಾನುಗಳು ಸದ್ದು ಮಾಡುತ್ತಿದ್ದವು, ಗಾಳಿ ಬರುತ್ತಿರಲಿಲ್ಲ. ಹಿಂದಿನ ಸಾಲಿನಿಂದ ಯಾರದೋ ಮಿರ್ಚಿ ಭಜಿಯ ಎಣ್ಣೆವಾಸನೆ ಬರುತ್ತಿತ್ತು. ಪವಿತ್ರಾ ಪರದೆಯನ್ನು ನೋಡುತ್ತಿದ್ದಾಳೋ ಗೋಡೆಯನ್ನು ನೋಡುತ್ತಿದ್ದಾಳೋ ತಿಳಿಯುತ್ತಿರಲಿಲ್ಲ. ಹಿಮ ಮುಗಿಯಿತು, ಕಾಡು ಮುಗಿಯಿತು, ರಾಕ್ಷಸಹಲ್ಲಿ ಇಬ್ಬರನ್ನು ತಿಂದು ಹೋಯಿತು, ಅವಳು ಮಿಸುಕಲಿಲ್ಲ. ತಂದದ್ದೇ ತಪ್ಪಾಯಿತೇನೋ ಅಂದುಕೊಂಡೆ. ಆಗ ಆ ಆನೆ ಮರಳುಗಾಡಿಗೆ ಕಾಲಿಟ್ಟಿತು. ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ, ಮರಳು ಹೊಗೆಯಾಡುತ್ತಿದೆ, ಆನೆ ಮೈತುಂಬ ಉಣ್ಣೆ ಹೊತ್ತು ನಡೆಯುತ್ತಿದೆ. ನನ್ನ ಅಂಗಿಯ ತೋಳನ್ನು ಯಾರೋ ಜಗ್ಗಿದರು.

"ಮಾಮಾ, ಆ ಆನಿಗಿ ಶಕಿ ಆಗಂಗಿಲ್ಲೇನು?"

ಅಪ್ಪ ಹೋದ ಮೇಲೆ ಅವಳು ಆಡಿದ ಮೊದಲ ಮಾತು ಅದು. ಪೇಪರಿನ ದೊಡ್ಡ ದೊಡ್ಡ ವಿಮರ್ಶಕರು ಎತ್ತಿದ ಆಕ್ಷೇಪಣೆಯನ್ನೇ ಅವಳೂ ಎತ್ತಿದ್ದಳು. ಏನಾದರೂ ಉತ್ತರ ಕೊಡದಿದ್ದರೆ ಆ ಬಾಯಿ ಮತ್ತೆ ಮುಚ್ಚಿಬಿಡುತ್ತದೆ ಎಂದು ಹೆದರಿ, ತೋಚಿದ್ದನ್ನು ಹೇಳಿದೆ. ಹೊಂಬಳದ ಹಾದಿಯಲ್ಲಿ ಕುರಿ ಕಾಯುವವನು ಬೇಸಿಗೆಯಲ್ಲೂ ಕಂಬಳಿ ಹೊದ್ದಿರುತ್ತಾನಲ್ಲ, ಅವನಿಗೆ ಸೆಕೆ ಆಗುತ್ತದೆಯೇ, ಕಂಬಳಿಯ ಒಳಗೆ ಯಾವಾಗಲೂ ತಂಪು ಇರುತ್ತದೆ, ಆನೆಗೂ ಹಾಗೆಯೇ ಎಂದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಹೂಂ ಅಂದಳು. ಆಮೇಲೆ ಆನೆ ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಸ್ನಾನ ಮಾಡಿದರೆ ಉಣ್ಣೆ ಒಣಗಲು ಎಷ್ಟು ಹೊತ್ತು ಬೇಕು ಎಂದು ಕೇಳುತ್ತಲೇ ಹೋದಳು. ಹಿಂದಿನ ಸಾಲಿನವರು ಬೈದರು. ಅವರು ಬೈದದ್ದು ನನಗೆ ಸುಖವಾಗಿತ್ತು.

ಮನೆಗೆ ಬಂದವಳೇ ಗೂಡಿನಿಂದ ಒಂದು ಎತ್ತು ತೆಗೆದಳು. ನಮ್ಮ ಮನೆಯ ಮಗ್ಗದ ಕೆಳಗೆ ಬಿದ್ದಿದ್ದ ತುಂಡು ನೂಲುಗಳನ್ನು ಆರಿಸಿ ತಂದು ಗಂಜಿ ಹಚ್ಚಿ ಅದರ ಮೈಗೆಲ್ಲ ಅಂಟಿಸಿದಳು. ಗೋದಿಹಿಟ್ಟಿನ ಸೊಂಡಿಲು ಮಾಡಿದಳು. ಅದು ಉದುರಿಬಿತ್ತು, ನಾನು ಮಣ್ಣಿನದು ಮಾಡಿ ಕೊಟ್ಟೆ. ಜೋಡಿಯ ಇನ್ನೊಂದು ಎತ್ತು ಮುಂದೊಮ್ಮೆ ಸುಣ್ಣ ಬಳಿಯುವಾಗ ಬಿದ್ದು ಒಡೆಯಿತು. ಇದು ಉಳಿಯಿತು. ಈಗ ಹೇಳಿ, ಆ ಸಿನೆಮಾ ಮಾಡಿದವರು ಪಂಡಿತರನ್ನು ಕೇಳಿ ಆನೆಯನ್ನು ಹಿಮದಲ್ಲೇ ಬಿಟ್ಟು ಬಂದಿದ್ದರೆ ನಮ್ಮ ಹುಡುಗಿ ಯಾವ ಪ್ರಶ್ನೆ ಕೇಳುತ್ತಿದ್ದಳು?

ಆ ಪವಿತ್ರಾ ಈಗ ಕಣಗಿನಹಾಳದಲ್ಲಿ ಶಾಲಾ ಶಿಕ್ಷಕಿ. ಸಂಬಂಧಗಳು ಬರತೊಡಗಿವೆ, ಬಂದಷ್ಟೇ ಬೇಗ ಹೋಗುತ್ತಲೂ ಇವೆ. ಮುಂಡರಗಿಯವರಿಗೆ ಹುಡುಗಿ ಗಿಡ್ಡ ಕಂಡಳು. ಶಿರಹಟ್ಟಿಯವರು ಮದುವೆಯಾದ ಮೇಲೆ ನೌಕರಿ ಬೇಡ ಅಂದರು, ಅವರನ್ನು ಇವಳೇ ಬೇಡ ಅಂದಳು. ಲಕ್ಷ್ಮೇಶ್ವರದಿಂದ ಈ ಸಂಬಂಧ ಬಂದಾಗ ಕಸ್ತೂರಿ ಸಮಾಧಾನದ ಉಸಿರು ಬಿಟ್ಟಿದ್ದಳು. ನಮ್ಮವರೇ, ಆದರೆ ಮಗ್ಗ ಬಿಟ್ಟು ಎರಡು ತಲೆಮಾರಾಗಿದೆ. ಅಡರಕಟ್ಟಿಯಲ್ಲಿ ಹೊಲ, ಲಕ್ಷ್ಮೇಶ್ವರದಲ್ಲಿ ಮನೆ. ಹುಡುಗ ವಿನಾಯಕ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾನೆ. ಇವಳ ನೌಕರಿಗೂ ಅವರ ಅಡ್ಡಿಯಿಲ್ಲ. ಪವಿತ್ರಾಳಿಗೂ ಫೋಟೋ ಹಿಡಿಸಿದ್ದಿತು ಎಂಬುದನ್ನು ನಾನು ಅವಳ ಮುಖದಿಂದಲೇ ತಿಳಿದಿದ್ದೆ. ತಂದೆಯಿಲ್ಲದ ಹುಡುಗಿಗೆ ಸೋದರಮಾವನೇ ಮುಂದೆ ನಿಂತು ಮಾತಾಡಬೇಕು. ಕಸ್ತೂರಿ ಹಿಂದಿನ ದಿನವೇ ನನ್ನನ್ನು ಕರೆದು, ಹವಾಮಾನದ ಬಗ್ಗೆ ಮಾತಾಡು, ಶೇಂಗಾದ ಬಗ್ಗೆ ಮಾತಾಡು, ಬೇರೆ ಯಾವುದರ ಬಗ್ಗೆಯೂ ಬೇಡ ಎಂದು ಹೇಳಿದ್ದಳು. ನನ್ನನ್ನು ಅವಳು ಹುಟ್ಟಿದಾಗಿನಿಂದ ಬಲ್ಲಳು.

ಬಂದರು. ಹುಡುಗ, ಅವನ ತಂದೆ ಗುರುಸಿದ್ಧಪ್ಪನವರು, ತಾಯಿ. ಶಿರಾ ಉಪ್ಪಿಟ್ಟು ಆಯಿತು, ಹವಾಮಾನ ಆಯಿತು, ಶೇಂಗಾವೂ ಆಯಿತು. ಪವಿತ್ರಾ ಚಹಾ ಕೊಟ್ಟು ತಾಯಿಯ ಪಕ್ಕ ಕುಳಿತಳು. ಎಲ್ಲವೂ ಸುಸೂತ್ರವಾಗಿ ನಡೆದಿತ್ತು. ಗುರುಸಿದ್ಧಪ್ಪನವರು ಹಿರಿಯರು, ಸುಮ್ಮನೆ ಕೂರಲಾರದೆ ಶೋಕೇಸಿನತ್ತ ಕತ್ತು ಚಾಚಿ, ಇದು ಎತ್ತೋ ಆನೆಯೋ ಎಂದು ಕೇಳಿದರು. ನಾನು ಅದನ್ನು ತೆಗೆದು ಟೀಪಾಯಿಯ ಮೇಲಿಟ್ಟು, ಪವಿತ್ರಾ ಚಿಕ್ಕವಳಿದ್ದಾಗ ಇಂಥ ಸಿನೆಮಾ ನೋಡಿ ಬಂದು ಮಾಡಿದ್ದು ಎಂದೆ. ಅಷ್ಟೇ ಅಂದದ್ದು. ಬೇರೆ ಒಂದಕ್ಷರ ಆಡಲಿಲ್ಲ. ಅಲ್ಲಿಯವರೆಗೆ ಬಾಯಿಗೆ ಬೀಗ ಹಾಕಿಕೊಂಡಿದ್ದ ಹುಡುಗ ಆ ಹೆಸರು ಕೇಳಿದ್ದೇ ತಡ ನೆಟ್ಟಗೆ ಕುಳಿತ.

"ಅದರಾಗ ಒಂದೂ ಖರೆ ಇಲ್ರಿ. ಉಣ್ಣಿ ಆನಿ ಮರಳುಗಾಡಿನ್ಯಾಗ ಹೆಂಗ ಬದುಕತೈತ್ರಿ?"

ನೀವೇ ಹೇಳಿ, ನಾನು ಏನು ಮಾಡಬೇಕಿತ್ತು? ನಕ್ಕು ಸುಮ್ಮನಾಗಬೇಕಿತ್ತು. ಕಸ್ತೂರಿಯ ಕಣ್ಣು ಅದನ್ನೇ ಹೇಳುತ್ತಿತ್ತು. ನಾನು ಕಥೆ ಅಂದರೆ ಕಥೆಯಪ್ಪಾ ಎಂದು ಮೆತ್ತಗೇ ಶುರು ಮಾಡಿದೆ. ಅವನು ಗೋವಿನಜೋಳ ತಂದ. ನಾನು ಆ ರಾಜ ಬೇರೆ ಸೀಮೆಯಿಂದ ಬೀಜ ತರಿಸಿರಬಹುದು ಎಂದೆ. ಅವನು ರಾಕ್ಷಸಹಲ್ಲಿ ತಂದ. ನಾನು ಒಂದೇ ಒಂದು ಉಳಿದಿದ್ದರೆ ನಿನಗೇನು ಗೊತ್ತು ಎಂದೆ. ಅವನು ಅವರ ತೊಗಲಿನ ಉಡುಪಿನ ಹೊಲಿಗೆ ಮಶೀನಿನದು, ದೊಡ್ಡದು ಮಾಡಿ ನೋಡಿದರೆ ಕಾಣುತ್ತದೆ ಎಂದು ಫೋನು ಮುಂದೆ ಹಿಡಿದ. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಹೀಗೆ ದೊಡ್ಡದು ಮಾಡಿ ನೋಡಹೊರಟರೆ ಯಾರದು ಖರೆ ಉಳಿಯುತ್ತದೆ, ನಿಮ್ಮ ತಂದೆಯವರ ಹೆಗಲ ಮೇಲಿರುವ ಶಲ್ಯವೂ ಮಿಲ್ಲಿನದು, ನಾವೇನು ಅಂದೆವೇ ಎಂದೆ. ಅಂದವನು ಸುಮ್ಮನಿರಲಿಲ್ಲ. ಎದ್ದು ಹೋಗಿ ಗುರುಸಿದ್ಧಪ್ಪನವರ ಶಲ್ಯದ ಅಂಚು ಹಿಡಿದು ತಿರುವಿ ಹಾಕಿದೆ.

ಅಂಚಿನಲ್ಲಿ ಸೂಜಿ ಚುಚ್ಚಿದಂಥ ಗುರುತುಗಳಿದ್ದವು, ಸಾಲಾಗಿ. ಕೈಮಗ್ಗದ್ದು. ಅದೂ ನಮ್ಮ ಬೆಟಗೇರಿಯ ಕೈಯದೇ.

ಕನ್ಯೆ ನೋಡಲು ಬಂದ ಬೀಗರ ಮೈಮೇಲಿನ ಬಟ್ಟೆ ತಿರುವಿ ಹಾಕಿದವನು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಶಲ್ಯದ ಚುಂಗು ಕೈಯಲ್ಲಿ ಹಿಡಿದು ನಿಂತಿದ್ದೆ, ಬಿಡುವುದಕ್ಕೂ ತೋಚುತ್ತಿಲ್ಲ. ಗುರುಸಿದ್ಧಪ್ಪನವರು ಮೆಲ್ಲಗೆ ಅದನ್ನು ನನ್ನ ಕೈಯಿಂದ ಬಿಡಿಸಿಕೊಂಡರು.

"ನಿಮ್ಮೂರದ್ದ ಐತ್ರಿ. ನೇಯೋರ ಮನಿಗಿ ಹೊಂಟೇವಿ, ನೇದದ್ದನ್ನ ಹೊದ್ದು ಹೋಗೂಣಂತ ಬರೂಮುಂದ ತಗೊಂಡೆ."

ನಾನು ಭೂಮಿಗಿಳಿದು ಹೋದೆ. ಹುಡುಗನ ತಾಯಿ ಸೆರಗು ಹೊದ್ದುಕೊಂಡು ಏಳುವ ಲಕ್ಷಣ ತೋರಿಸಿದರು. ಇನ್ನೇನು, ಲಕ್ಷ್ಮೇಶ್ವರವೂ ಹೋಯಿತು. ಈ ಸಲ ಹುಡುಗಿ ಗಿಡ್ಡ ಎಂದಲ್ಲ, ಅವಳ ಸೋದರಮಾವ ಹುಚ್ಚ ಎಂದು. ಆಗ ಪವಿತ್ರಾ ತಲೆ ಎತ್ತಿದಳು. ನನ್ನತ್ತ ನೋಡಲಿಲ್ಲ, ನೇರವಾಗಿ ಹುಡುಗನಿಗೇ ಹೇಳಿದಳು.

"ಹೊಂಬಳದ ಹಾದ್ಯಾಗ ಕುರಿ ಕಾಯೋರು ಬ್ಯಾಸಗ್ಯಾಗೂ ಕಂಬಳಿ ಹೊದ್ದಿರ್ತಾರಲ್ರಿ. ಕಂಬಳಿ ಒಳಗ ತಂಪ ಇರ್ತೈತಿ. ಆನೀಗೂ ಹಂಗ."

ಇಷ್ಟು ವರ್ಷ ಅದು ಅವಳಿಗೆ ನೆನಪಿದೆ ಎಂದು ನನಗೆ ತಿಳಿದಿರಲಿಲ್ಲ. ವಿನಾಯಕನ ಹೆಬ್ಬೆರಳು ಫೋನಿನ ಮೇಲೆ ಹೋಯಿತು. ಕಂಬಳಿಯೊಳಗೆ ತಂಪಿರುತ್ತದೆಯೋ ಇಲ್ಲವೋ ಎಂದು ಈಗ ಇವನು ಅದನ್ನೂ ಹುಡುಕಿ ತೆಗೆಯುತ್ತಾನೆ ಎಂದುಕೊಂಡೆ. ಅವನು ಅವಳನ್ನೊಮ್ಮೆ, ಟೀಪಾಯಿಯ ಮೇಲಿನ ಪ್ರಾಣಿಯನ್ನೊಮ್ಮೆ ನೋಡಿ ಫೋನನ್ನು ಕಿಸೆಯಲ್ಲಿಟ್ಟ.

"ಕಡೀಕ ಆ ಆನಿ ಏನಾತ್ರಿ? ನಾ ಅರ್ಧಕ್ಕ ಎದ್ದ ಬಂದಿದ್ನಿ."

"ಗ್ವಾಡಿ ಕೆಡವಿ, ಹೊಳಿ ಸಂಗಾಟ ಮನಿಗಿ ಬಂತ್ರಿ," ಅಂದಳು ಪವಿತ್ರಾ.

ಅರ್ಧಕ್ಕೆ ಎದ್ದು ಬಂದಿದ್ದನಂತೆ. ಅರ್ಧ ನೋಡಿ ಇಷ್ಟು ವಾದ! ನಾನು ಬಾಯಿ ತೆರೆದೆ, ಕಸ್ತೂರಿ ನನ್ನ ತೊಡೆ ಚಿವುಟಿದಳು. ಗುರುಸಿದ್ಧಪ್ಪನವರು ಆ ಪ್ರಾಣಿಯನ್ನು ಎತ್ತಿ ತಿರುವಿ ಅದರ ಹೊಟ್ಟೆಯ ಅಡಿ ನೋಡಿದರು. ಅಲ್ಲಿ ನೂಲು ಅಂಟಿಸದ ಕಡೆ ಮಹಾದೇವನ ಬೆರಳಿನ ಗುರುತು ಮಣ್ಣಿನಲ್ಲಿ ಹಾಗೇ ಉಳಿದಿದೆ. ಯಾರದೆಂದು ಕೇಳಿದರು, ಕಸ್ತೂರಿ ಹೇಳಿದಳು. ಅವರು ಅದನ್ನು ಎರಡೂ ಕೈಯಿಂದ ಕೆಳಗಿಟ್ಟು, ಇನ್ನೊಂದು ಕಪ್ ಚಹಾ ಆದರೆ ಕುಡಿಯಬಹುದಿತ್ತು ಎಂದರು.

ಅವರು ಹೋಗಿ ಬಸ್ಸು ಹತ್ತಿದ ಮೇಲೆ ಏನು ಮಾಡೋಣ ಎಂದು ಕಸ್ತೂರಿ ಮಗಳನ್ನು ಕೇಳಿದಳು. ಹೂಂ ಎಂದು ಹೇಳಿ ಕಳಿಸು ಅಂದಳು ಪವಿತ್ರಾ. ನನಗೆ ತಡೆಯಲಾಗಲಿಲ್ಲ. ಅರ್ಧ ಸಿನೆಮಾ ನೋಡಿ ಪೂರ್ತಿ ತೀರ್ಪು ಕೊಡುವವನು ನಾಳೆ ನಿನ್ನ ಸಾರಿನಲ್ಲೂ ತಪ್ಪು ಹುಡುಕುತ್ತಾನೆ, ಜೀವನಪೂರ್ತಿ ಇದೇ ಗೋಳು ಎಂದು ಶುರು ಮಾಡಿದೆ. ಅವಳು ಎತ್ತನ್ನು ಒಳಗಿಡಲೆಂದು ಕೈಗೆತ್ತಿಕೊಂಡಿದ್ದಳು.

"ಅರ್ಧಕ್ಕ ಎದ್ದ ಬಂದೀನಂತ ತಾವ ಒಪ್ಪಿಕೊಂಡ್ರಲ್ಲ ಮಾಮಾ. ಮನ್ಯಾಗ ಖರೇ ಹೇಳೋರು ಒಬ್ಬರು ಇರಲಿ. ಸುಳ್ಳ ಹೇಳಾಕ ಹೆಂಗೂ ನೀ ಅದಿ."

ನಾನು ಯಾವ ಸುಳ್ಳು ಹೇಳಿದ್ದೇನೆ ಎಂದು ಸಿಟ್ಟಿನಿಂದಲೇ ಕೇಳಿದೆ.

"ಆ ಕುರಿ ಕಾಯಾಂವಂದು. ಅಪ್ಪನ ಸಂಗಾಟ ಹೊಂಬಳಕ್ಕ ಹೋದಾಗ ನಾ ಅವನ್ನ ನೋಡಿದ್ನಿ. ಬೇವಿನ ಗಿಡದ ಬುಡಕ ಕಂಬಳಿ ತಗದ ಒಗದು ಬೆವರ ಒರಸಿಕೊಳ್ಳಾಕತ್ತಿದ್ದ. ಟಾಕೀಜಿನ್ಯಾಗ ನೀ ಹೇಳಿದಾಗನ ನನಗ ಗೊತ್ತಿತ್ತು."

ಗೊತ್ತಿದ್ದರೆ ಅಂದೇ ಯಾಕೆ ಹೇಳಲಿಲ್ಲ ಎಂದೆ. ಅವಳು ಎತ್ತಿನ ಬೆನ್ನಿನ ಮೇಲೆ ಎದ್ದು ನಿಂತಿದ್ದ ನೂಲುಗಳನ್ನು ಬೆರಳಿನಿಂದ ಸವರಿ ಮಲಗಿಸುತ್ತಿದ್ದಳು.

"ಆಗ ಎಲ್ಲಾರೂ ನನಗ ಖರೇನ ಹೇಳಾಕತ್ತಿದ್ರು, ಮಾಮಾ. ನೀ ಒಬ್ಬಾಂವ ಸುಳ್ಳ ಹೇಳಿದಿ."